ಒಂಟಿ ಸೀನು ಮತ್ತು ಟೆಕ್ಸಸ್ಸಿನ ಜಿಂಕೆ

ಶುಗರ್ ಲ್ಯಾಂಡ್

ಅಮೆರಿಕಕ್ಕೆ ಹೋಗಿಬಂದವರು ಜಲಪಾತ ನೋಡಿದ್ದನ್ನೋ, ಮುಗಿಲಿಗೆ ತಾಗುವ ಕಟ್ಟಡ ಹತ್ತಿದ್ದನ್ನೋ ಬರೆಯುತ್ತಾರೆ. ನಾನು ನೋಡಿದ್ದು ಒಂದು ಮರದ ಡಬ್ಬಿ. ನಾಲ್ಕು ಕಾಲಿನ ಮೇಲೆ ನಿಂತ ಆ ಡಬ್ಬಿಯೊಳಗೆ ಎರಡು ಮುಂಜಾನೆ, ಒಂದು ಸಂಜೆ ಮಂಡಿ ಮಡಚಿಕೊಂಡು ಕೂತಿದ್ದೆ. ಯಾಕೆ ಕೂತೆ, ಕೂತು ಏನು ಕೆಡಿಸಿದೆ ಎಂಬುದನ್ನು ಹೇಳಿಬಿಟ್ಟರೆ ನನಗೂ ಮನಸ್ಸು ಹಗುರ.

ಮೊದಲು ನನ್ನ ವಿಷಯ. ಮಂಡ್ಯ ಕಡೆಯ ಸರ್ಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೆರಡು ವರ್ಷ ಸಿಸ್ಟರ್ ಆಗಿದ್ದು ನಿವೃತ್ತಳಾದವಳು ನಾನು. ರಕ್ತ ಕಂಡರೆ ಹೆದರಿಕೆಯಿಲ್ಲ, ಬೇಯಿಸಿದ ಮೊಟ್ಟೆ ಕಂಡರೆ ಎದ್ದು ಓಡುತ್ತೇನೆ. ಇದನ್ನು ಕೇಳಿ ಡಾಕ್ಟರುಗಳೆಲ್ಲ ನಕ್ಕಿದ್ದಾರೆ. ನಗಲಿ. ಥಿಯೇಟರಿನಲ್ಲಿ ನಾವು ಒಳಗಿರುವುದನ್ನು ತಿನ್ನುವುದಿಲ್ಲ, ಹೊಲಿದು ಕಳಿಸುತ್ತೇವೆ.

ಹ್ಯೂಸ್ಟನ್‌ನಲ್ಲಿ ಇಳಿದು, ಶುಗರ್ ಲ್ಯಾಂಡಿನಲ್ಲಿ ಮಗಳ ಮನೆಯಲ್ಲಿರುವ ನನ್ನ ಹಳೆಯ ಜೊತೆಗಾರ್ತಿ ಲೀಲಾಳ ಹತ್ತಿರ ಎರಡು ದಿನ ಇದ್ದೆ. ನನ್ನನ್ನು ನೋಡಲೆಂದು ಏಳೆಂಟು ಹೆಂಗಸರು ಊಟಕ್ಕೆ ಬಂದರು. ಇಲ್ಲಿಂದ ಎಲ್ಲಿಗೆ ಎಂದು ಯಾರೋ ಕೇಳಿದರು. ಡಾಲಸ್ ಹತ್ತಿರ ತಂಗಿ ಮನೆಗೆ ಹೋಗುತ್ತೇನೆ, ಅಲ್ಲಿಂದ ತಂಗಿಯ ಹತ್ತು ವರ್ಷದ ಮಗಳ ಜೊತೆ ಜಿಂಕೆ ಬೇಟೆಗೆ ಎಂದೆ. ಹೋಳಿಗೆ ಹಿಡಿದ ಕೈಗಳು ಹಾಗೇ ನಿಂತವು.

"ಹತ್ತು ವರ್ಷದ ಮಗೂ ಕೈಗೆ ಬಂದೂಕಾ ಆಂಟಿ?"

"ನಮ್ಮವರೇ ಹೀಗೆ ಮಾಡಿದ್ರೆ ಹೇಗೆ?"

"ಹೊಡೀಲಿ ಬಿಡಿ," ಎಂದಳು ಮೂಲೆಯಲ್ಲಿದ್ದ ಒಬ್ಬಳು. "ಆಸ್ಟಿನ್‌ನಲ್ಲಿ ನಮ್ಮ ನಾದಿನಿ ಹಿತ್ತಲಲ್ಲಿ ಒಂದು ಗುಲಾಬಿ ಗಿಡ ಉಳಿಸಿಲ್ಲ ಆ ಜಿಂಕೆಗಳು. ಅಡ್ರೆಸ್ ಕೊಡ್ತೀನಿ, ದಾರೀಲಿ ಅಲ್ಲೂ ಎರಡು ಹೊಡೆದುಕೊಂಡು ಹೋಗಿ."

ಅವಳ ಎದುರಿಗೆ ಮಿಕ್ಕವರು ಬಾಯ್ತುಂಬ ರಾಮ ರಾಮ ಅಂದರು. ಒಳಗೊಳಗೇ ಅವರವರ ಗುಲಾಬಿ ಗಿಡಗಳನ್ನು ನೆನೆದುಕೊಂಡಿರಲೂಬಹುದು.

ಮರ್ಫಿ

ಡಾಲಸ್ ಪಕ್ಕದ ಈ ಮರ್ಫಿಯಲ್ಲಿರುವುದು ನನ್ನ ತಂಗಿ ರೇಖಾ. ಐದು ಮಕ್ಕಳಲ್ಲಿ ನಾನು ಮೊದಲನೆಯವಳು, ಅವಳು ಕೊನೆಯವಳು. ಅವಳ ಎರಡು ಬಾಣಂತನವನ್ನೂ ರಜೆ ಹಾಕಿ ಬಂದು ಮಾಡಿದ್ದು ನಾನೇ. ಹಾಗಾಗಿ ಅವಳ ಮಗಳು ನಿಧಿಯ ಮೇಲೆ ನನಗೂ ಅರ್ಧ ಹಕ್ಕಿದೆ ಎಂದು ನನ್ನ ತಿಳಿವಳಿಕೆ. ನಿಧಿಗೆ ಹತ್ತು ವರ್ಷ, ತಮ್ಮ ಚಿಂಟುವಿಗೆ ಐದು. ಇಬ್ಬರಿಗೂ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. ನಾನು ಇಲ್ಲಿ ಅವರ ಮಾತನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಅಷ್ಟು ಒಳ್ಳೆಯ ಕನ್ನಡ ಆಡುತ್ತಾರೆಂದು ಯಾರೂ ಹೊಟ್ಟೆಕಿಚ್ಚು ಪಡಬೇಕಿಲ್ಲ.

ಬೇಟೆಯ ಹುಚ್ಚು ಹತ್ತಿಸಿದ್ದು ಬೇಲಿಯಾಚೆಯ ಮನೆಯ ವೇಡ್. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ನನ್ನದೇ ವಯಸ್ಸಿನ ಆಸುಪಾಸು. ನಿಧಿ ಅವರನ್ನು ಮಿಸ್ಟರ್ ವೇಡ್ ಎಂದು ಕರೆಯುತ್ತಾಳೆ, ಮಾತಿಗೊಮ್ಮೆ ಎಸ್ ಸರ್ ಅನ್ನುತ್ತಾಳೆ. ಮನೆಯಲ್ಲಿ ಅಪ್ಪ ಮೂರು ಸಲ ಕೂಗಿದರೂ ತಲೆ ಎತ್ತದ ಹುಡುಗಿ! ಒಂದು ವರ್ಷದಿಂದ ಅವರ ಜೊತೆ ಹೋಗಿ ಗುರಿ ಇಟ್ಟು ಹೊಡೆಯುವುದನ್ನು ಕಲಿತಿದ್ದಾಳೆ. ಬೇಟೆಯ ಪಾಠ ಓದಿ, ಪರೀಕ್ಷೆ ಬರೆದು, ಪಾಸಾಗಿ, ಸರ್ಟಿಫಿಕೇಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. ಇಲ್ಲಿ ದೊಡ್ಡವರ ಬೇಟೆಯ ಕಾಲ ಮುಗಿದ ಮೇಲೆ, ಜನವರಿಯಲ್ಲಿ, ಮಕ್ಕಳಿಗೆಂದೇ ಕೆಲವು ದಿನ ಬಿಟ್ಟಿರುತ್ತಾರೆ. ದೊಡ್ಡವರು ಪಕ್ಕದಲ್ಲಿ ಕೂರಬೇಕು, ಗುಂಡು ಹಾರಿಸುವಂತಿಲ್ಲ.

ನಿಧಿಯ ವಾದ ಸರಳವಾಗಿತ್ತು. "ನಾನು ಸ್ಕೂಲಲ್ಲಿ ಚಿಕನ್ ತಿಂತೀನಿ ದೊಡ್ಡಮ್ಮ. ಯಾರೋ ಕೊಂದು ಕೊಡ್ತಾರೆ. ತಿನ್ನೋದಾದ್ರೆ ಆ ಕೆಲಸ ನನ್ನ ಕೈಲಾಗುತ್ತಾ ಇಲ್ವಾ ಅಂತ ನನಗೆ ಗೊತ್ತಾಗಬೇಕು. ಆಗಲಿಲ್ಲ ಅಂದ್ರೆ ತಿನ್ನೋದು ಬಿಡ್ತೀನಿ."

ನಾನು ಅವಳ ಅಪ್ಪನ ಮುಖ ನೋಡಿದೆ. ಗಿರೀಶ ಹುಬ್ಬಳ್ಳಿಯವನು, ಜಗಳ ಅಂದರೆ ಮಾರು ದೂರ. "ನನ್ನ ಕೇಳಬ್ಯಾಡ್ರಿ ಅಕ್ಕಾರ. ಹುಡುಗಿ ಕಲ್ತಾಳ, ಹೋಗ್ಲಿ ಬಿಡ್ರಿ," ಎಂದು ಲ್ಯಾಪ್‌ಟಾಪಿನ ಹಿಂದೆ ಅಡಗಿದ. ರೇಖಾಗೆ ಆ ವಾರಾಂತ್ಯ ಆಫೀಸಿನ ಕೆಲಸ. ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಹೇಳಿದಳು.

"ಅಕ್ಕ, ಹೇಗೂ ನೀನು ಜೊತೇಲಿ ಹೋಗ್ತೀಯಲ್ಲ. ಹೇಗಾದ್ರೂ ಮಾಡಿ ತಪ್ಪಿಸ್ಬೇಕು. ಅವಳ ಕೈಯಲ್ಲಿ ಒಂದು ಜೀವ ಹೋಗೋದು ಬೇಡ."

"ಆಯ್ತು," ಎಂದೆ.

ಅದೇ ಸಂಜೆ ಜಡೆ ಹಾಕುವಾಗ ನಿಧಿ ಕೇಳಿದಳು. "ನೀನು ಬರೋದು ನನಗೆ ಖುಷಿ. ಆದ್ರೆ ಅಡ್ಡ ಬರಬಾರದು. ಪ್ರಾಮಿಸ್?"

"ಪ್ರಾಮಿಸ್," ಎಂದೆ.

"ನಾನು ಹೊಡೆದ್ರೆ ನನ್ನ ಜೊತೆ ಮಾತು ಬಿಡ್ತೀಯಾ?"

ಜಡೆ ಬಿಗಿಯಾಗಿ ಎಳೆದು ಆ ಪ್ರಶ್ನೆಯನ್ನು ತೇಲಿಸಿಬಿಟ್ಟೆ. ಹೀಗೆ ಒಂದೇ ದಿನದಲ್ಲಿ ಅಮ್ಮನಿಗೊಂದು ಮಾತು, ಮಗಳಿಗೊಂದು ಮಾತು ಕೊಟ್ಟು, ಅತ್ತ ದರಿ ಇತ್ತ ಪುಲಿ ಎಂಬಂತೆ ನಡುವೆ ನಿಂತೆ.

ಹೊರಡುವ ಹಿಂದಿನ ದಿನ ವೇಡ್ ಬಂದು ಒಂದು ಪಟ್ಟಿ ಕೊಟ್ಟರು. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕಂತೆ. ಆದ್ದರಿಂದ ವಾಸನೆಯ ಸೋಪು ಬೇಡ, ತಲೆಗೆ ಎಣ್ಣೆ ಬೇಡ, ಊದುಬತ್ತಿ ಬೇಡ, ಬಟ್ಟೆಯನ್ನು ಈ ವಾಸನೆಯಿಲ್ಲದ ಪುಡಿಯಲ್ಲೇ ಒಗೆಯಬೇಕು. ಹೇಳುತ್ತ ಹೇಳುತ್ತ ಬಾಗಿಲಲ್ಲೇ ಮೂಗರಳಿಸಿ ನಿಂತರು. ಒಳಗೆ ನಾನು ಪ್ರಯಾಣಕ್ಕೆಂದು ಪುಳಿಯೋಗರೆ ಗೊಜ್ಜು ಕಾಯಿಸುತ್ತಿದ್ದೆ.

"ಅದೇನದು ಮ್ಯಾಮ್?" ಎಂದರು ವಿನಯದಿಂದ.

"ಇಂಗು," ಎಂದೆ ನಾನೂ ಅಷ್ಟೇ ವಿನಯದಿಂದ.

ಮರುದಿನ ಹೊರಡುವ ಹೊತ್ತು. ವೇಡ್ ತಮ್ಮ ಪಿಕಪ್ ಗಾಡಿಯನ್ನು ಚಾಲೂ ಮಾಡಿಕೊಂಡು ರಸ್ತೆಯಲ್ಲಿ ಕಾಯುತ್ತಿದ್ದರು. ನಾವು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಚಿಂಟು ಸೀನಿದ. ಒಂದೇ ಸೀನು. ಎಲ್ಲರೂ ಇನ್ನೊಂದಕ್ಕೆ ಕಾದೆವು. ಬರಲಿಲ್ಲ. ಚೀಲ ಕೆಳಗಿಟ್ಟು ಮತ್ತೆ ಸೋಫಾದ ಮೇಲೆ ಕೂತು, ಒಬ್ಬೊಬ್ಬರಾಗಿ ನೀರು ಕುಡಿದೆವು. ಒಂಟಿ ಸೀನು ಬಿದ್ದರೆ ನಮ್ಮ ಮನೆಯಲ್ಲಿ ಯಾರೂ ಹೆಜ್ಜೆ ಕೀಳುವುದಿಲ್ಲ. ಎರಡೋ ಮೂರೋ ಆದರೆ ಅಡ್ಡಿಯಿಲ್ಲ. ಕಿಟಕಿಯ ಆಚೆಯಿಂದ ಇಣುಕಿದ ವೇಡ್‌ಗೆ ಐದು ಜನ ಸಾಲಾಗಿ ಕೂತು ನೀರು ಕುಡಿಯುವುದು ಕಾಣಿಸಿತು. ಅದು ನಮ್ಮ ಬೇಟೆಯ ಪೂಜೆ ಎಂದುಕೊಂಡು ಪಾಪ ಟೋಪಿ ತೆಗೆದು ನಿಂತರು.

ಆಸ್ಟಿನ್

ಡಾಲಸ್‌ನಿಂದ ಆಸ್ಟಿನ್‌ವರೆಗಿನ ಹೆದ್ದಾರಿಯಲ್ಲಿ ನೋಡಲು ಇರುವುದು ಮುಂದಿನ ಗಾಡಿಯ ಬೆನ್ನು ಮಾತ್ರ. ನಡುವೆ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲಿಸಿದೆವು. ಬಂಕು ಎಂದರೆ ನಮ್ಮ ಮದುವೆ ಛತ್ರದ ನಾಲ್ಕರಷ್ಟಿದೆ. ಒಳಗೆ ಎಲೆ ಬಳ್ಳಿ ಚಿತ್ರದ ಬಟ್ಟೆ ತೊಟ್ಟ ಸಂಸಾರಗಳು. ಅಪ್ಪ, ಅಮ್ಮ, ಕೈಗೂಸು, ಎಲ್ಲರಿಗೂ ಒಂದೇ ಬಣ್ಣ. ಗಿಡದಂತೆ ಕಾಣಲೆಂದು ಹಾಕುವ ಬಟ್ಟೆಯಂತೆ ಅದು. ಅದರ ಮೇಲೆ, ಒಬ್ಬರನ್ನೊಬ್ಬರು ಹೊಡೆಯದಿರಲೆಂದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟು. ಅಡಗಲೂಬೇಕು, ಕಾಣಿಸಲೂಬೇಕು! ಜಿಂಕೆಗೆ ಆ ಬಣ್ಣ ಕಾಣುವುದಿಲ್ಲ ಎಂದು ನಿಧಿ ನನಗೆ ಪಾಠ ಮಾಡಿದಳು.

ಆಸ್ಟಿನ್‌ನಲ್ಲಿ ಕಾಫಿಗೆ ನಿಂತಾಗ ಚಿಂಟು ಕುರ್ಚಿಯ ಮೇಲೆ ಹತ್ತಿ, "ನನ್ನ ಅಕ್ಕ ನಾಳೆ ಜಿಂಕೆ ಕೊಲ್ತಾಳೆ!" ಎಂದು ಇಡೀ ಅಂಗಡಿಗೆ ಸಾರಿದ. ಬೂಟು ಹಾಕಿದ ಅಜ್ಜನೊಬ್ಬ ಎದ್ದು ಬಂದು ನಿಧಿಯ ಕೈ ಕುಲುಕಿದ. ಪಕ್ಕದ ಮೇಜಿನಲ್ಲಿ ನಾಯಿಮರಿಯನ್ನು ಮಕ್ಕಳ ಗಾಡಿಯಲ್ಲಿ ಕೂರಿಸಿಕೊಂಡಿದ್ದ ಹುಡುಗಿ ಗಾಡಿಯನ್ನು ಆಚೆ ತಿರುಗಿಸಿಕೊಂಡಳು. ನಾನು ವೇಡ್ ಕೊಟ್ಟಿದ್ದ ಕಿತ್ತಳೆ ಜಾಕೆಟ್ಟು ಕಳಚಿ ತೊಡೆಯ ಮೇಲೆ ಮಡಚಿಟ್ಟುಕೊಂಡೆ. ಅಲ್ಲಿ ಯಾರ ಪಕ್ಷ ಎಂದು ಕೇಳಿದ್ದರೆ ನಾನು ನಾಯಿಮರಿಯ ಪಕ್ಷ.

ಬಂಡೀಪುರಕ್ಕೆ ನಾವು ಎಷ್ಟೋ ಸಲ ಹೋಗಿದ್ದೇವೆ. ಮುನ್ನೂರು ಜಿಂಕೆ ಕಂಡರೂ ವ್ಯಾನಿನ ಜನ "ಅಯ್ಯೋ, ಬರೀ ಜಿಂಕೆ" ಎಂದು ಮುಖ ಸಪ್ಪಗೆ ಮಾಡುತ್ತಾರೆ. ನಮಗೆ ಹುಲಿಯೇ ಬೇಕು. ಇಲ್ಲಿ ಒಂದು ಜಿಂಕೆಗಾಗಿ ಎರಡು ದಿನದ ರಜೆ, ಹೊಸ ಬಟ್ಟೆ, ವಾಸನೆಯಿಲ್ಲದ ಸೋಪು. ಯಾರು ಜಿಂಕೆಗೆ ಹೆಚ್ಚು ಮರ್ಯಾದೆ ಕೊಟ್ಟಂತಾಯಿತು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಶನಿವಾರ, ಡಬ್ಬಿ

ಆಸ್ಟಿನ್ ದಾಟಿ ಪಶ್ಚಿಮಕ್ಕೆ ಹೋದರೆ ಕಲ್ಲುಗುಡ್ಡಗಳು, ಕುಳ್ಳ ಓಕ್ ಮರಗಳು, ಎಲ್ಲಿ ನೋಡಿದರೂ ಸೀಡರ್ ಎಂಬ ಹಸಿರು ಪೊದೆಮರಗಳು. ಅಲ್ಲಿ ವೇಡ್‌ಗೆ ಅಪ್ಪನಿಂದ ಬಂದ ಜಮೀನು, ಒಂದು ಮರದ ಮನೆ. ಬೇಟೆಯ ಡಬ್ಬಿಯಲ್ಲಿ ಮೂವರಿಗೆ ಮಾತ್ರ ಜಾಗ ಎಂದಾಗ ಗಿರೀಶನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. "ನಾ ಚಿಂಟೂನ್ನ ನೋಡ್ಕೋತೀನ್ರಿ ಅಕ್ಕಾರ," ಎಂದು ಕಂಬಳಿ ಎಳೆದುಕೊಂಡ.

ಬೆಳಕು ಹರಿಯುವ ಮುಂಚೆ ನಿಧಿ, ವೇಡ್, ನಾನು ಏಣಿ ಹತ್ತಿದೆವು. ಸೀರೆ ಬಿಟ್ಟು ಗಿರೀಶನ ಹಳೆಯ ಪ್ಯಾಂಟು ತೊಟ್ಟಿದ್ದೆ. ನನ್ನ ಜೀವಮಾನದಲ್ಲಿ ಅದೇ ಮೊದಲು. ನಮ್ಮ ಕಡೆ ಹಂದಿ ಕಾಯಲು ಹೊಲದಲ್ಲಿ ಅಟ್ಟಣೆ ಕಟ್ಟುತ್ತಾರಲ್ಲ, ಅದಕ್ಕೇ ನಾಲ್ಕು ಗೋಡೆ, ಸಣ್ಣ ಕಿಟಕಿ ಇಟ್ಟರೆ ಈ ಡಬ್ಬಿ. ಮಾತಾಡುವಂತಿಲ್ಲ, ಅಲ್ಲಾಡುವಂತಿಲ್ಲ. ಚಳಿಗೆ ನನ್ನ ಹಲ್ಲು ಮಾತ್ರ ನಿಯಮ ಮುರಿಯುತ್ತಿತ್ತು.

ಎದುರಿನ ಬಯಲಲ್ಲಿ ಮುಕ್ಕಾಲಿಯ ಮೇಲೆ ಒಂದು ಡ್ರಮ್ಮು. ಏಳು ಗಂಟೆಗೆ ಸರಿಯಾಗಿ ಅದು ಗಿರ್ರೆಂದು ತಿರುಗಿ ಸುತ್ತಲೂ ಮುಸುಕಿನಜೋಳ ಎರಚಿತು. ದಿನಾ ಇದೇ ಹೊತ್ತಿಗೆ ಎರಚುವುದರಿಂದ ಜಿಂಕೆಗಳಿಗೆ ಅಭ್ಯಾಸವಾಗಿದೆ ಎಂದು ವೇಡ್ ಪಿಸುಗುಟ್ಟಿದರು. ನನಗೆ ಸಿಟ್ಟು ಬಂತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿ ಬೆಳೆದವರು ನಾವು. ಇಲ್ಲಿ ಉಣಿಸಿದ ಮನೆಯೇ ಎರಡು ಬಗೆಯುತ್ತಿದೆ!

ಹತ್ತು ನಿಮಿಷಕ್ಕೆ ಬಂತು. ಹೆಣ್ಣು ಜಿಂಕೆ, ಒಂಟಿ. ನಮ್ಮ ಜಿಂಕೆಯಂತೆ ಮೈಮೇಲೆ ಚುಕ್ಕೆಯಿಲ್ಲ, ಒಣಹುಲ್ಲಿನ ಬಣ್ಣ. ಒಂದು ಕಿವಿ ಮುಂದೆ, ಒಂದು ಕಿವಿ ಹಿಂದೆ ಮಾಡಿ ನಿಂತು, ಆಮೇಲೆ ಬಗ್ಗಿ ಕಾಳು ಹೆಕ್ಕತೊಡಗಿತು. ನಿಧಿ ಕಿವಿಗೆ ಮುಚ್ಚಳ ಏರಿಸಿ, ಬಂದೂಕನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ಕೆನ್ನೆ ತಾಗಿಸಿದಳು. ಮುಚ್ಚಳವೆಂದರೆ ಗುಂಡಿನ ಸದ್ದನ್ನು ಮಾತ್ರ ತಡೆಯುವ ಜಾಣ ಮುಚ್ಚಳ, ಪಿಸುಮಾತು ಅದರೊಳಗೂ ಕೇಳುತ್ತದೆ. ಅವಳ ಉಸಿರು ನಿಧಾನವಾಯಿತು. ಹೊಲಿಗೆ ಹಾಕುವ ಮುಂಚೆ ಒಳ್ಳೆಯ ಸರ್ಜನ್ನುಗಳ ಉಸಿರು ಹೀಗೇ ನಿಧಾನವಾಗುವುದನ್ನು ನಾನು ಕಂಡಿದ್ದೇನೆ. ಹುಡುಗಿ ಹೊಡೆದೇ ಹೊಡೆಯುತ್ತಾಳೆ ಎಂದು ಆಗ ಗೊತ್ತಾಯಿತು. ರೇಖಾಳ ಮಾತು ಕಿವಿಯಲ್ಲಿ ಗುಂಯ್ ಎಂದಿತು.

ನಾನು ಸೀನಿದೆ.

ಬಂದ ಸೀನಲ್ಲ, ತರಿಸಿದ ಸೀನು. ಆಕ್ಷೀ ಎಂದು ಒಂದೇ ಸಲ. ಜಿಂಕೆ ಓಡಿಹೋಗಲಿ ಎಂಬುದು ನನ್ನ ಉಪಾಯ. ಆ ದರಿದ್ರ ಜಿಂಕೆ ತಲೆ ಎತ್ತಿ, ಡಬ್ಬಿಯ ಕಡೆ ನೋಡಿ, ಮತ್ತೆ ಜೋಳಕ್ಕೆ ಬಾಯಿ ಹಾಕಿತು. ಆದರೆ ನಿಧಿ ಗುಂಡು ಹಾರದಂತೆ ಬಂದೂಕಿನ ಬೀಗ ಹಾಕಿ, ಕೆನ್ನೆ ತೆಗೆದು, ನೆಟ್ಟಗೆ ಕೂತಳು.

"ಏನಾಯ್ತು?" ವೇಡ್ ಪಿಸುಗುಟ್ಟಿದರು. "ಒಳ್ಳೇ ಗುರಿ ಸಿಕ್ಕಿದೆ."

"ಕಾಯ್ಬೇಕು ಸರ್. ದೊಡ್ಡಮ್ಮ ಒಂದೇ ಸಲ ಸೀನಿದ್ರು."

"ಎಷ್ಟು ಸಲ ಸೀನಬೇಕು?"

"ಇನ್ನೊಂದಾದ್ರೂ. ಇಲ್ಲ ಅಂದ್ರೆ ನೀರು ಕುಡೀಬೇಕು."

ವೇಡ್ ನನ್ನ ಮುಖವನ್ನೇ ನೋಡುತ್ತ ಕೂತರು. ಅಷ್ಟು ಆಸೆಯಿಂದ ನನ್ನ ಮೂಗನ್ನು ಯಾರೂ ಎಂದೂ ನೋಡಿರಲಿಲ್ಲ. ನಾನು ಕಲ್ಲಾಗಿ ಕೂತೆ. ಕೊನೆಗೆ ಅವರೇ ಚೀಲದಿಂದ ನೀರಿನ ಬಾಟಲಿ ತೆಗೆದು ನಿಧಿಗೆ ಕೊಟ್ಟರು. ಅವಳು ಹಿಡಿದದ್ದೇ ತಡ, ಪ್ಲಾಸ್ಟಿಕ್ಕು ಪಟಪಟ ಎಂದಿತು. ಜಿಂಕೆ ಬಿಳಿಯ ಬಾಲ ಎತ್ತಿ ಒಂದೇ ನೆಗೆತಕ್ಕೆ ಮಾಯವಾಯಿತು.

ಏಣಿ ಇಳಿದು ಮರದ ಮನೆಯ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ನಿಧಿ ನಿಂತು ಕೇಳಿದಳು.

"ದೊಡ್ಡಮ್ಮ, ನಿನಗೆ ಯಾವಾಗಲೂ ಮೂರು ಸೀನು ಬರುತ್ತೆ. ಫೋನಲ್ಲೂ ಮೂರೇ. ಇವತ್ತು ಯಾಕೆ ಒಂದು?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೂವತ್ತೆರಡು ವರ್ಷ ರೋಗಿಗಳ ಸುಳ್ಳು ಹಿಡಿದವಳ ಸುಳ್ಳನ್ನು ಹತ್ತು ವರ್ಷದವಳು ಒಂದು ಪ್ರಶ್ನೆಗೆ ಹಿಡಿದಿದ್ದಳು. ನನ್ನ ಮುಖ ನೋಡಿದಳು, ಸಾಕಾಯಿತು. ಓಡಿ ಮುಂದೆ ಹೋಗಿಬಿಟ್ಟಳು.

ಶನಿವಾರ, ಮರದ ಮನೆ

ಇಡೀ ಮಧ್ಯಾಹ್ನ ನಿಧಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಹೊಡೆದರೆ ನಾನು ಮಾತು ಬಿಡುತ್ತೇನೋ ಎಂದು ಹೆದರಿದ್ದವಳು ಅವಳು, ಆದದ್ದು ತಿರುಗುಮುರುಗು. ಪುಳಿಯೋಗರೆಯನ್ನು ಕಲಸಿ ಎಲ್ಲರಿಗೂ ಕೊಟ್ಟೆ. ಅವಳು ತಟ್ಟೆ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ವೇಡ್ ಮೂರು ಸಲ ಬಡಿಸಿಕೊಂಡು ತಿಂದರು.

ಅವರಿಗೆ ನಿಜ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕಡಲೆಬೀಜ ಒಂದೊಂದಾಗಿ ಆರಿಸಿ ತಿನ್ನುತ್ತ ಹೇಳಿದರು. "ಮ್ಯಾಮ್, ಹೊಡಿ ಅಂತ ನಾನು ಯಾವ ಮಗುವಿಗೂ ಹೇಳಲ್ಲ. ಬೇಡ ಅಂತ ಬಂದೂಕು ಇಳಿಸಿದ ಮಕ್ಕಳು ಎಷ್ಟೋ ಇದ್ದಾರೆ. ಅವರನ್ನೂ ಅಷ್ಟೇ ಖುಷಿಯಿಂದ ಮನೆಗೆ ಕರೆದುಕೊಂಡು ಹೋಗಿದ್ದೇನೆ. ಆದರೆ ಬೇಡ ಅನ್ನೋದು ಅವಳೇ ಅನ್ನಬೇಕು."

ರೇಖಾಗೆ ಫೋನ್ ಮಾಡಿದೆ. "ನನ್ನ ಕೈಲಾಗಲ್ಲ ಕಣೆ. ಬೇಡ ಅಂತಿದ್ರೆ ನೀನೇ ನಿನ್ನ ಮಗಳಿಗೆ ಹೇಳು."

"ನಾನು ಹೇಳಿದ್ರೆ ನನ್ನ ಹತ್ರ ಮಾತು ಬಿಡ್ತಾಳೆ ಅಂತಾನೇ ಅಲ್ವಾ ಅಕ್ಕ ನಿನ್ನ ಕಳ್ಸಿದ್ದು!" ಎಂದಳು ನನ್ನ ತಂಗಿ. ಅವಳನ್ನು ಎತ್ತಿ ಆಡಿಸಿದ ಕೈಗೆ ಒಳ್ಳೆಯ ಕೂಲಿ ಸಿಕ್ಕಿತು.

ಮೆಟ್ಟಿಲ ಮೇಲೆ ಹೋಗಿ ನಿಧಿಯ ಪಕ್ಕ ಕೂತೆ. ತಪ್ಪಾಯ್ತು ಎಂದೆ. ದೊಡ್ಡವರು ಚಿಕ್ಕವರಿಗೆ ಆ ಮಾತು ಹೇಳುವುದು ನಮ್ಮ ಮನೆಯ ವಾಡಿಕೆಯಲ್ಲ. ನಾಲಿಗೆ ಸ್ವಲ್ಪ ತೊಡರಿತು.

"ನಾನು ಹೊಡೀತೀನೋ ಇಲ್ವೋ ನನಗೇ ಗೊತ್ತಿರಲಿಲ್ಲ," ಎಂದಳು ಅವಳು. "ಗೊತ್ತಾಗೋ ಹೊತ್ತಿಗೆ ನೀನು ಸೀನಿದೆ."

ಇದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ನಾನು ಬರುವುದಿಲ್ಲ, ನೀವಿಬ್ಬರೇ ಹೋಗಿ ಎಂದೆ. ನಿಧಿ ತುಸು ಯೋಚಿಸಿ, ಬಾ, ಆದರೆ ಮೂಗಿಗೆ ಟವೆಲ್ ಕಟ್ಟಿಕೊಂಡು ಬಾ ಎಂದು ಷರತ್ತು ಹಾಕಿದಳು.

ಆ ಸಂಜೆಯೂ ಡಬ್ಬಿಯಲ್ಲಿ ಕೂತೆವು. ಒಂದು ಅಳಿಲೂ ಸುಳಿಯಲಿಲ್ಲ. ಮೂವರ ಬಾಯಲ್ಲೂ ಇಂಗು. ಗಾಳಿ ನಮ್ಮ ಕಡೆಯಿಂದ ಕಾಡಿನ ಕಡೆಗೆ ಬೀಸುತ್ತಿತ್ತು. ಇಡೀ ತಾಲ್ಲೂಕಿನ ಜಿಂಕೆಗಳಿಗೆ ಸುದ್ದಿ ಮುಟ್ಟಿರಬೇಕು. ವೇಡ್ ಒಮ್ಮೆ ತಮ್ಮ ಅಂಗೈ ಮೂಸಿ ನೋಡಿಕೊಂಡು ಕೈಯನ್ನು ಜೇಬಿಗೆ ಇಳಿಸಿದರು.

ಭಾನುವಾರ

ಮರುದಿನ ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟೆವು. ಗಾಳಿ ದಿಕ್ಕು ಬದಲಿಸಿ ಸೀಡರ್ ಮರಗಳ ಕಡೆಯಿಂದ ಬೀಸುತ್ತಿತ್ತು. ಜನವರಿಯಲ್ಲಿ ಆ ಮರಗಳು ಹಳದಿ ಪುಡಿಯನ್ನು ಮೋಡದಂತೆ ಬಿಡುತ್ತವೆ, ಊರಿಗೆ ಊರೇ ಮೂಗು ಹಿಡಿದುಕೊಂಡು ಓಡಾಡುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಏಳು ಗಂಟೆಗೆ ಡ್ರಮ್ಮು ತಿರುಗಿತು. ಎರಡು ಹೆಣ್ಣು ಜಿಂಕೆ ಬಂದವು, ಎರಡೂ ಬಲಿತವು. ನಿಧಿ ಕೆನ್ನೆ ತಾಗಿಸಿದಳು. ಅದೇ ಗಳಿಗೆಗೆ ನನ್ನ ಮೂಗಿನ ಬುಡದಲ್ಲಿ ಇರುವೆ ಹರಿದಂತಾಯಿತು. ಇದು ತರಿಸಿದ್ದಲ್ಲ, ಬಂದದ್ದೇ.

ಹೆರಿಗೆ ನೋವು ನನಗೆ ಗೊತ್ತಿಲ್ಲ, ನಾನು ಮದುವೆಯಾದವಳಲ್ಲ. ಆದರೆ ಆ ಎರಡು ನಿಮಿಷ ಅದಕ್ಕೇನೂ ಕಡಿಮೆಯಿರಲಿಲ್ಲ ಎಂದು ಹೇಳಬಲ್ಲೆ. ಟವೆಲನ್ನು ಮೂಗಿಗೆ ಒತ್ತಿದೆ, ನಾಲಿಗೆ ಕಚ್ಚಿದೆ, ಕಾಲ ಹೆಬ್ಬೆರಳು ಬಿಗಿಯಾಗಿ ಮಡಚಿದೆ. ಕಣ್ಣಲ್ಲಿ ನೀರು ಧಾರೆ. ಹೊಡೆದರೂ ಅವಳೇ, ಬಿಟ್ಟರೂ ಅವಳೇ, ನಾನು ನಡುವೆ ಬರಲಾರೆ ಎಂದು ದೇವರ ಹೆಸರಿನ ಬದಲು ಅದನ್ನೇ ಜಪಿಸಿದೆ. ವೇಡ್ ನನ್ನ ಕಡೆ ತಿರುಗಿ ನೋಡಿ, ನಾನು ದುಃಖದಿಂದ ಅಳುತ್ತಿದ್ದೇನೆಂದು ತಿಳಿದು, ಮೊಣಕಾಲು ಮೃದುವಾಗಿ ತಟ್ಟಿದರು. ಆ ತಟ್ಟುವಿಕೆಗೆ ಸೀನು ಇನ್ನಷ್ಟು ಮೇಲೆ ಬಂತು.

ಗುಂಡು ಹಾರಿತು.

ನನ್ನ ಮೂರು ಸೀನು ಆಮೇಲೆ ಹಾರಿದವು. ಕಣ್ಣು ಒರೆಸಿಕೊಂಡು ನೋಡಿದರೆ ಬಯಲು ಖಾಲಿ.

"ಓಡಿಹೋಯ್ತು," ಎಂದಳು ನಿಧಿ. ಬಂದೂಕಿಗೆ ಬೀಗ ಹಾಕಿ ವೇಡ್ ಕೈಗೆ ಕೊಟ್ಟಳು. ಕಿಟಕಿಯ ಹೊರಗೆ ಕತ್ತು ಚಾಚಿದಳು. "ತಗುಲಿತು. ನಾನು ನೋಡಿದೆ. ತಗುಲಿದ ಮೇಲೂ ಓಡಿತು."

ಗುಂಡು ತಗುಲಿದ ಜಿಂಕೆಯ ಹಿಂದೆಯೇ ಹೋಗಬಾರದು, ಅರ್ಧ ಗಂಟೆ ಕಾಯಬೇಕಂತೆ. ಬೆನ್ನಟ್ಟಿದರೆ ಹೆದರಿ ಇನ್ನೂ ದೂರ ಓಡುತ್ತದೆ. ನನ್ನ ನೌಕರಿಯಲ್ಲಿ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತ ಜನರನ್ನು ಸಾವಿರ ಸಲ ನೋಡಿದ್ದೇನೆ. ನಾನು ಯಾವಾಗಲೂ ಬಾಗಿಲಿನ ಒಳಗಿದ್ದವಳು. ಹೊರಗೆ ಕೂರುವುದು ಏನೆಂದು ಆ ಡಬ್ಬಿಯಲ್ಲಿ ತಿಳಿಯಿತು.

"ಅದು ಎಲ್ಲೋ ಬಿದ್ದು ನೋವಲ್ಲಿ ಒದ್ದಾಡ್ತಿದ್ರೆ?" ಎಂದಳು ನಿಧಿ. "ಸಿಗದೇ ಹೋದ್ರೆ?" ಅವಳಿಗೆ ಈಗ ಇದ್ದದ್ದು ಅದೊಂದೇ ಚಿಂತೆ. ವೇಡ್ ಸಮಾಧಾನ ಹೇಳಿದರು, ಅವಳು ನಂಬಲಿಲ್ಲ. ನಾನು ಅವಳ ಎರಡೂ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡು ಕೂತೆ.

ಇಳಿದು ಹೋಗಿ ಹುಡುಕಿದೆವು. ಒಣಹುಲ್ಲಿನ ಮೇಲೆ ಮೊದಲ ಹನಿ ಕಂಡದ್ದು ನನಗೆ. ಕೂತು ನೋಡಿದೆ. ತಿಳಿ ಗುಲಾಬಿ ಬಣ್ಣ, ಸಣ್ಣ ಸಣ್ಣ ನೊರೆಗುಳ್ಳೆ. ಬೆರಳ ತುದಿಯಲ್ಲಿ ಹುಲ್ಲನ್ನು ಬೆಳಕಿಗೆ ತಿರುಗಿಸಿದೆ.

"ಶ್ವಾಸಕೋಶ," ಎಂದೆ.

ವೇಡ್ ಬಗ್ಗಿ ನೋಡಿ, ನನ್ನನ್ನು ನೋಡಿ, ಟೋಪಿಯನ್ನು ಹಿಂದಕ್ಕೆ ಸರಿಸಿದರು. "ನಿಮಗೆ ಹೇಗೆ ಗೊತ್ತು ಮ್ಯಾಮ್?"

"ಇಂಥದ್ದು ಎಷ್ಟೋ ನೋಡಿದ್ದೀನಿ. ಲಿವರ್ ಆದ್ರೆ ಕಪ್ಪಗಿರುತ್ತೆ. ಇದು ಗಾಳಿ ಸೇರಿದ ರಕ್ತ." ನಿಧಿಯ ಕಡೆ ತಿರುಗಿದೆ. "ನಿನಗೆ ಸುಳ್ಳು ಹೇಳಲ್ಲ. ನೋವಾಗಿದೆ. ಆದ್ರೆ ಬಹಳ ಹೊತ್ತಲ್ಲ. ಹೀಗೆ ಆದವರು ಮೊದಲು ಮಂಕಾಗ್ತಾರೆ, ಆಮೇಲೆ ನಿದ್ದೆ. ನೂರು ಹೆಜ್ಜೆ ಒಳಗೆ ಇರುತ್ತೆ, ಬಾ."

ಆಮೇಲೆ ಮುಂದೆ ನಾನು, ನನ್ನ ಹಿಂದೆ ಅವರಿಬ್ಬರು. ಗಿರೀಶನ ಪ್ಯಾಂಟಿಗೆ ಮುಳ್ಳು ಸಿಕ್ಕಿಸಿಕೊಂಡು, ಮೊಟ್ಟೆ ಕಂಡರೆ ಓಡುವ ನಾನು, ಟೆಕ್ಸಸ್ಸಿನ ಬೇಟೆಗಾರನಿಗೆ ದಾರಿ ತೋರಿಸುತ್ತ ನಡೆದೆ. ಇಲ್ಲಿ ಒಂದು ಹನಿ, ಅಲ್ಲಿ ಕಲ್ಲಿನ ಮೇಲೆ ಎರಡು, ಸೀಡರ್ ಎಲೆಗೆ ಒರೆಸಿದ ಗುರುತು. ಎಪ್ಪತ್ತೆಂಟು ಹೆಜ್ಜೆಗೆ ಸಿಕ್ಕಿತು. ಒಂದು ಓಕ್ ಮರದ ಕೆಳಗೆ, ಮಲಗಿದಂತೆಯೇ ಇತ್ತು. ಕಣ್ಣು ತೆರೆದಿತ್ತು. ಅಭ್ಯಾಸಬಲದಿಂದ ಕುತ್ತಿಗೆಗೆ ಎರಡು ಬೆರಳಿಟ್ಟು ನೋಡಿದೆ, ಹೋಗಿದೆ ಎಂದು ಹೇಳಿದೆ.

ನಿಧಿ ಮಂಡಿಯೂರಿ ಅದರ ಕಿವಿ ಮುಟ್ಟಿದಳು. "ಸಾರಿ," ಎಂದಳು. ಆಮೇಲೆ, "ಥ್ಯಾಂಕ್ ಯೂ," ಎಂದಳು. ಎರಡನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಆ ಜಿಂಕೆಗಾಗಿ ಸಂಕಟವಾಯಿತು, ಈ ಮಗುವಿನ ಮೇಲೆ ಹೆಮ್ಮೆಯೂ ಉಕ್ಕಿತು. ಒಂದು ಬಂದರೆ ಇನ್ನೊಂದು ಹೋಗಬೇಕಲ್ಲ, ಎರಡೂ ಅಲ್ಲೇ ನಿಂತಿದ್ದವು.

ವೇಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ತಮ್ಮ ಕಡೆ ಒಂದು ವಾಡಿಕೆ ಇದೆ ಎಂದರು. ಮೊದಲ ಬೇಟೆಯ ರಕ್ತವನ್ನು ಒಂದು ಬೆರಳಿನಷ್ಟು ಕೆನ್ನೆಗೆ ಹಚ್ಚುತ್ತಾರೆ. ತಮಗೆ ತಮ್ಮ ಅಪ್ಪ ಇದೇ ಜಮೀನಿನಲ್ಲಿ ಹಚ್ಚಿದ್ದರು. ಬೇಡವಾದರೆ ಬೇಡ. ನಿಧಿ ಅವರ ಬೆರಳನ್ನು ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ತೋರಿಸಿದಳು.

"ದೊಡ್ಡಮ್ಮ ಹಚ್ಚಲಿ."

ಮೂವತ್ತೆರಡು ವರ್ಷ ಕೈಗವಸು ತೊಟ್ಟು ಮುಟ್ಟಿದ ವಸ್ತುವನ್ನು ಬೇಕೆಂದೇ ಬರಿಬೆರಳಲ್ಲಿ ತೆಗೆದುಕೊಂಡದ್ದು ಅದೇ ಮೊದಲು. ಇನ್ನೂ ಬೆಚ್ಚಗಿತ್ತು. ಮಗುವಿನ ಕೆನ್ನೆಗೆ ಬೊಟ್ಟಿಡುವುದು ನನಗೆ ಬಾರದ ಕೆಲಸವೇನಲ್ಲ. ಹನ್ನೊಂದು ದಿನದ ಕೂಸಾಗಿದ್ದಾಗ ಇದೇ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟವಳು ನಾನೇ. ಗಲ್ಲ ಹಿಡಿದು, ಮುಖ ಓರೆ ಮಾಡಿ, ಹಾಗೇ ಇಟ್ಟೆ. ಯಾರ ಕಣ್ಣೂ ತಾಗದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜಿಂಕೆಯ ಆ ತೆರೆದ ಕಣ್ಣೂ ಸೇರಿದಂತೆ.

"ನನ್ನ ಹತ್ರ ಮಾತಾಡ್ತೀಯ ತಾನೇ?" ಎಂದಳು ನಿಧಿ, ಕನ್ನಡದಲ್ಲೇ.

"ನಿನ್ನ ಹತ್ರ ಅಲ್ಲದೆ ಇನ್ಯಾರ ಹತ್ರ ಮಾತಾಡ್ಲಿ? ನಿಮ್ಮಮ್ಮ ಅಂತೂ ಇನ್ಮೇಲೆ ನನ್ನ ಹತ್ರ ಮಾತಾಡಲ್ಲ."

ಅವಳು ನಕ್ಕಳು, ನಗುತ್ತಲೇ ಜೋರಾಗಿ ಅತ್ತಳು. ಅಳು ಮುಗಿಯುವ ತನಕ ವೇಡ್ ಮರಗಳ ಕಡೆ ಮುಖ ಮಾಡಿ ನಿಂತಿದ್ದರು. ಪಿಕಪ್ ಗಾಡಿ ದೂರದಲ್ಲಿತ್ತು, ಜಿಂಕೆ ಭಾರವಿತ್ತು. ಅವರು ಮುಂಗಾಲು ಎರಡನ್ನೂ ಹಿಡಿದರು. ಹಿಂಗಾಲು ಒಂದನ್ನು ನಿಧಿ ಹಿಡಿದಳು, ಇನ್ನೊಂದನ್ನು ನಾನು.